12,34,56,54,321ರ ಒಳಗೇನಿದೆ?

9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದರು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಕೆಲವು ಗುಣಲಬ್ಧಗಳನ್ನು ಅವರು ಅದರಲ್ಲಿ ಕೊರಳ ಹಾರಕ್ಕೆ ಹೋಲಿಸಿದ್ದಾರೆ. 2,79,94,681ನ್ನು 441ರಿಂದ ಗುಣಿಸಿದಾಗ ಸಿಗುವ 12,34,56,54,321 ಅಂಥದೊಂದು ಸಂಖ್ಯೆ. ಇದರ ಗುಣಗಳನ್ನೆಲ್ಲ ಕಾಗದ, ಪೆನ್ಸಿಲ್ ಇಟ್ಟುಕೊಂಡೇ ಕಂಡುಹಿಡಿಯಬಹುದು. ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿದ್ದರೆ ಸಾಕು.

ಮೊದಲು ಅಂಕಿಗಳನ್ನು ಕೂಡಿ

ಎಲ್ಲ ಅಂಕಿಗಳ ಮೊತ್ತ 36. ಅದು 9ರಿಂದ ಭಾಗವಾಗುತ್ತದೆ, ಆದ್ದರಿಂದ ಮೂಲ ಸಂಖ್ಯೆಯೂ ಭಾಗವಾಗುತ್ತದೆ. ಕೊನೆಯ ಅಂಕಿ 1 ಆಗಿರುವುದರಿಂದ 2 ಮತ್ತು 5ನ್ನು ಕೈಬಿಡಬಹುದು.

ಆಮೇಲೆ ಮೂರು ಮೂರಾಗಿ ಬಿಡಿಸಿ

ಲಕ್ಷ, ಕೋಟಿಯ ಅಲ್ಪವಿರಾಮಗಳನ್ನು ತೆಗೆದು, ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ: 12 | 345 | 654 | 321. ಬಲಗಡೆಯಿಂದ ಒಂದು ಬಿಟ್ಟು ಒಂದನ್ನು ಕಳೆಯುತ್ತ, ಕೂಡುತ್ತ ಬನ್ನಿ: 321 − 654 + 345 − 12 = 0. ಸೊನ್ನೆ ಬಂದರೆ ಸಂಖ್ಯೆ 1001ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಕಾರಣ ಸರಳ: 1000 ಎಂದರೆ 1001ಕ್ಕೆ ಒಂದು ಕಡಿಮೆ. ಹಾಗಾಗಿ ಪ್ರತಿ ಮೂರು ಸ್ಥಾನಕ್ಕೊಮ್ಮೆ ಚಿಹ್ನೆ ಬದಲಾಗುತ್ತದೆ. 1001 = 7 × 11 × 13, ಆದ್ದರಿಂದ ಒಂದೇ ಪರೀಕ್ಷೆಯಲ್ಲಿ ಮೂರು ಅವಿಭಾಜ್ಯಗಳು ಸಿಕ್ಕವು.

ಈಗ ಅದೇ ಗುಂಪುಗಳನ್ನು ಬರೀ ಕೂಡಿ: ಮೊತ್ತ 1332, ಅಂದರೆ 37 × 36. 999ರಲ್ಲಿ 37 ಅಡಗಿದೆ. 1000ವನ್ನು 37ರಿಂದ ಭಾಗಿಸಿದರೆ ಶೇಷ 1. ಅದಕ್ಕೇ ಈ ಮೊತ್ತ 37ರ ಪರೀಕ್ಷೆಯಾಗುತ್ತದೆ.

ಸಿಕ್ಕಿದ್ದನ್ನು ಗುಣಿಸಿ: 9 × 1001 × 37 = 3,33,333. ಇದರಿಂದ ನಮ್ಮ ಸಂಖ್ಯೆಯನ್ನು ಭಾಗಿಸಿದರೆ 37,037 ಸಿಗುತ್ತದೆ. ಅದು 37 × 1001. ಅಲ್ಲಿಗೆ ಅಪವರ್ತನ ಪೂರ್ಣ:

12,34,56,54,321 = 3² × 7² × 11² × 13² × 37²

ಅಪವರ್ತನ ಹೇಳುವ ಸಂಗತಿಗಳು

ಎಲ್ಲ ಘಾತಗಳೂ 2. ಆದ್ದರಿಂದ ಇದು ಪೂರ್ಣ ವರ್ಗ; ವರ್ಗಮೂಲ 3 × 7 × 11 × 13 × 37 = 1,11,111. ಭಾಜಕಗಳನ್ನು ಎಣಿಸಲು ಪ್ರತಿ ಘಾತಕ್ಕೂ 1 ಸೇರಿಸಿ ಗುಣಿಸಬೇಕು: 3 × 3 × 3 × 3 × 3 = 243. ಮಹಾವೀರಾಚಾರ್ಯರ 441 ಇಲ್ಲಿನ 3² × 7². ಅವರ ಇನ್ನೊಂದು ಸಂಖ್ಯೆ 11² × 13² × 37².

ಅಂಕಿಗಳು ಏರಿ ಇಳಿಯುವುದೇಕೆ? 1,11,111ನ್ನು ಅದರಿಂದಲೇ ಗುಣಿಸಿ ನೋಡಿ. ಒಂದರ ಕೆಳಗೊಂದು ಆರು ಸಾಲು ಬರುತ್ತವೆ, ಪ್ರತಿ ಸಾಲೂ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ತುದಿಯ ಕಂಬಗಳಲ್ಲಿ ಒಂದೇ 1, ನಡುವಿನದರಲ್ಲಿ ಆರು. ಎಲ್ಲಿಯೂ ಮೊತ್ತ 9 ದಾಟದ ಕಾರಣ ದಶಕ ಪಕ್ಕಕ್ಕೆ ಹೋಗುವುದಿಲ್ಲ. ಒಂಬತ್ತು 1ಗಳವರೆಗೆ ಈ ಸೊಗಸು ನಿಲ್ಲುತ್ತದೆ, ಹತ್ತಕ್ಕೆ ಕೆಡುತ್ತದೆ.

ನಿಮ್ಮದೇ ಒಂದು ದೊಡ್ಡ ಸಂಖ್ಯೆಯನ್ನು ತೆಗೆದುಕೊಂಡರೂ ಇದೇ ಕ್ರಮ ಹಿಡಿಯಿರಿ. ಈ ಪರೀಕ್ಷೆಗಳಿಗೆ ಸಿಕ್ಕದೆ ಉಳಿದ ಭಾಗವನ್ನು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಿ. ಯಾವುದರಿಂದಲೂ ಭಾಗವಾಗದಿದ್ದರೆ ಆ ಭಾಗ ತಾನೇ ಅವಿಭಾಜ್ಯ.