ಘಟ್ಟದಾಚೆಯ ಅಗ್ಗ, ಊರಂಗಡಿಯ ಆಸರೆ

ಶೃಂಗೇರಿಯಿಂದ ಕಾರ್ಕಳದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 169ರಲ್ಲಿ, ಕೆರೆಕಟ್ಟೆಯ ಕಾಡು ದಾಟಿದ ಮೇಲೆ ಸಿಗುವ ತಾಣವೊಂದಕ್ಕೆ ಇಂದಿಗೂ ‘ಎಸ್.ಕೆ. ಬಾರ್ಡರ್’ ಎಂದೇ ಹೆಸರು. ಎಸ್.ಕೆ. ಎಂದರೆ ಸೌತ್ ಕೆನರಾ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಅದು ನಿಜವಾದ ಗಡಿಯೇ ಆಗಿತ್ತು. ಘಟ್ಟದ ಮೇಲೆ ಮೈಸೂರು, ಕೆಳಗೆ ಮದರಾಸು. ಮಾರಾಟ ತೆರಿಗೆಯ ಕಾಯ್ದೆಗಳೂ ಬೇರೆ: ಮದರಾಸಿನದು 1939ರದ್ದು, ಮೈಸೂರಿನದು 1948ರದ್ದು. 1957ರಲ್ಲಿ ಹೊಸ ರಾಜ್ಯಕ್ಕೆಲ್ಲ ಅನ್ವಯಿಸುವ ಒಂದೇ ಮಾರಾಟ ತೆರಿಗೆ ಕಾಯ್ದೆ ಬಂತು. ಗಡಿ ಅಳಿಯಿತು, ಹೆಸರು ಉಳಿಯಿತು.

ಮೇಗುಂದ ಹೋಬಳಿಯವನಾದ ನನಗೆ ಆ ಹೆಸರು ಈಚೆಗೆ ಪದೇ ಪದೇ ನೆನಪಾಗುತ್ತಿದೆ. ಕಾಗದದ ಮೇಲಿನ ಗಡಿ ಅಳಿದು ಆರು ದಶಕಗಳು ಕಳೆದಿದ್ದರೂ ಮನಸ್ಸಿನ ಗಡಿಯ ಕುರಿತ ವಾಗ್ವಾದ ಕೊಪ್ಪ, ಜಯಪುರ, ಶೃಂಗೇರಿ, ನರಸಿಂಹರಾಜಪುರಗಳ ಪೇಟೆಗಳಲ್ಲಿ ನಡೆದೇ ಇದೆ. ಮದುವೆಯ ಜವಳಿಗೆ ಉಡುಪಿ, ಮಂಗಳೂರು; ತಿಂಗಳ ದಿನಸಿಗೆ ಶಿವಮೊಗ್ಗ; ಆಸ್ಪತ್ರೆಗೆಂದು ಮಣಿಪಾಲಕ್ಕೆ ಹೋದವರು ಮರಳುವಾಗ ಕಾರಿನ ತುಂಬ ಸಾಮಾನು; ಉಳಿದದ್ದಕ್ಕೆ ಮೊಬೈಲಿನಲ್ಲಿ ಆರ್ಡರು. ‘ಊರಿನ ದುಡ್ಡು ಊರಿಗೇ ಉಳಿಯಬೇಕು’ ಎನ್ನುತ್ತಾರೆ ವರ್ತಕರು. ‘ಅಗ್ಗವಾಗಿ ಸಿಕ್ಕುವಲ್ಲಿ ಕೊಳ್ಳುವುದು ನಮ್ಮ ಹಕ್ಕು’ ಎನ್ನುತ್ತಾರೆ ಗಿರಾಕಿಗಳು. ಎರಡರಲ್ಲೂ ಸತ್ಯಾಂಶವಿದೆ, ಎರಡೂ ಪೂರ್ಣಸತ್ಯವಲ್ಲ.

ಮಲೆನಾಡು ಎಂದೂ ತನ್ನಷ್ಟಕ್ಕೆ ತಾನು ಬದುಕಿದ ನಾಡಲ್ಲ. ಉಪ್ಪು, ಒಣಮೀನು ಘಟ್ಟ ಹತ್ತಿ ಬಂದವು. ಅಡಿಕೆ, ಮೆಣಸು, ಏಲಕ್ಕಿ ಘಟ್ಟ ಇಳಿದವು. ಇಂದೂ ನಮ್ಮ ಅಡಿಕೆಗೆ ಉತ್ತರ ಭಾರತವೇ ದೊಡ್ಡ ಮಾರುಕಟ್ಟೆ. ದೇಶದ ಕಾಫಿಯ ಬಹುಪಾಲು ಹೊರದೇಶಗಳಿಗೆ ಹೋಗುತ್ತದೆ. ಅದರ ದೊಡ್ಡ ಗ್ರಾಹಕ ಇಟಲಿ. ಎಲ್ಲರೂ ತಮ್ಮ ಊರಿನದನ್ನೇ ಕೊಳ್ಳುವ ಪಣ ತೊಟ್ಟರೆ ಮೊದಲು ಮುಳುಗುವವರು ನಾವೇ. ಆದ್ದರಿಂದ ಗಡಿಯಾಚೆಯ ಖರೀದಿಯನ್ನು ದ್ರೋಹವೆಂದು ಜರೆಯುವ ನೈತಿಕ ಹಕ್ಕು ನಮಗಿಲ್ಲ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರದ ನಿರ್ಬಂಧವಿಲ್ಲದೆ ತರಲು ಕೇಂದ್ರ ಸರ್ಕಾರ ಅನುಮತಿ ನೀಡಿದಾಗ ಬೆಳೆಗಾರರೆಲ್ಲ ಆತಂಕಗೊಂಡೆವು. 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದಾಗ ಸಮಾಧಾನಪಟ್ಟೆವು. ಹೊರಗಿನ ಅಗ್ಗದ ಸರಕು ಒಳಗಿನವರ ಬದುಕನ್ನು ಕುಸಿಯುವಂತೆ ಮಾಡಬಲ್ಲದು ಎಂಬ ಅರಿವು ನಮಗೆ ಚೆನ್ನಾಗಿಯೇ ಇದೆ. ಅಡಿಕೆಗೆ ಸಲ್ಲುವ ಈ ಮಾತು ಜಯಪುರದ ಜೀನಸಿ ಅಂಗಡಿಗೆ ಸಲ್ಲುವುದಿಲ್ಲವೇ?

ಅಷ್ಟಕ್ಕೂ ಘಟ್ಟದಾಚೆ ಅಗ್ಗವಾಗುವುದು ಹೇಗೆ? 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಸೋಪು, ಟೂತ್‌ಪೇಸ್ಟುಗಳ ತೆರಿಗೆ ದರ ಕಾರ್ಕಳದಲ್ಲೂ ಕೊಪ್ಪದಲ್ಲೂ ಒಂದೇ, ಕಾಸರಗೋಡಿನಲ್ಲೂ ಅದೇ. 2025ರ ಸೆಪ್ಟೆಂಬರ್ 22ರಂದು ಅದನ್ನು ಶೇ 18ರಿಂದ ಶೇ 5ಕ್ಕೆ ಇಳಿಸಿದಾಗಲೂ ಇಳಿಕೆ ಎಲ್ಲೆಡೆಗೂ ಒಂದೇ ಆಗಿತ್ತು. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯೂ ಒಂದೇ. ಅಂದರೆ ವ್ಯತ್ಯಾಸ ಇರುವುದು ತೆರಿಗೆಯಲ್ಲಲ್ಲ, ವ್ಯಾಪಾರದ ಗಾತ್ರದಲ್ಲಿ. ದೊಡ್ಡ ಮಳಿಗೆ ಕಂಪನಿಯಿಂದ ನೇರವಾಗಿ ಲಾರಿಗಟ್ಟಲೆ ಕೊಳ್ಳುತ್ತದೆ. ನಮ್ಮ ಅಂಗಡಿಯವರು ಏಜೆಂಟರಿಂದ ಪೆಟ್ಟಿಗೆಯ ಲೆಕ್ಕದಲ್ಲಿ ಕೊಂಡು, ಸಾಗಣೆಯ ವೆಚ್ಚವನ್ನೂ ಹೊತ್ತು ಮಾರಬೇಕು.

ಈ ಅಗ್ಗದ ಲೆಕ್ಕವನ್ನು ಪೂರ್ತಿ ಹಾಕಿ ನೋಡಿ. ಕೊಪ್ಪದಿಂದ ಶಿವಮೊಗ್ಗಕ್ಕೆ ಹೋಗಿ ಬರಲು ಕನಿಷ್ಠ 160 ಕಿ.ಮೀ. ಲೀಟರಿಗೆ 16 ಕಿ.ಮೀ. ಓಡುವ ಕಾರಿಗೆ 10 ಲೀಟರ್ ಪೆಟ್ರೋಲು ಬೇಕು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ಸಾವಿರ ರೂಪಾಯಿ ಆಯಿತು. ಶೇ 10ರಷ್ಟು ರಿಯಾಯಿತಿ ಸಿಕ್ಕಿದರೂ 10,000 ರೂಪಾಯಿಯ ಸಾಮಾನು ಕೊಂಡ ಮೇಲಷ್ಟೇ ಪೆಟ್ರೋಲಿನ ಖರ್ಚು ಹುಟ್ಟುತ್ತದೆ. ಊಟ, ಕಾಫಿ, ಒಂದು ದಿನದ ಕೆಲಸ ಇವು ಲೆಕ್ಕಕ್ಕೇ ಬರುವುದಿಲ್ಲ.

ನನ್ನ ಮುಖ್ಯ ಆತಂಕ ಕಾರಿರುವವರ ಕುರಿತಲ್ಲ, ಇಲ್ಲದವರ ಕುರಿತು. ವಾರದ ಬಟವಾಡೆಯನ್ನೇ ನೆಚ್ಚಿರುವ ತೋಟದ ಕಾರ್ಮಿಕರಿಗೆ ಘಟ್ಟದಾಚೆಯ ಮಳಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೈಯಲ್ಲಿ ಕಾಸಿಲ್ಲದ ವಾರ ಅವರ ಅಕ್ಕಿ, ಎಣ್ಣೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಕೊಡುವುದು ಊರಿನ ಅಂಗಡಿಯೇ. ಅಡಿಕೆ ಮಾರಾಟವಾಗುವವರೆಗೆ ಸಣ್ಣ ಹಿಡುವಳಿದಾರರಿಗೂ ಅದೇ ಆಸರೆ. ಆ ಉದ್ರಿ ವ್ಯಾಪಾರವನ್ನು ತಾಳಿಕೊಳ್ಳುವ ಶಕ್ತಿ ಅಂಗಡಿಗೆ ಬರುವುದು ನಗದು ಕೊಟ್ಟು ಕೊಳ್ಳುವ ಸ್ಥಿತಿವಂತರಿಂದ. ಅವರೆಲ್ಲ ಘಟ್ಟ ಇಳಿದರೆ ಅಂಗಡಿಯಲ್ಲಿ ಉಳಿಯುವುದು ಉದ್ರಿ ಮಾತ್ರ. ಒಂದು ದಿನ ಬಾಗಿಲು ಮುಚ್ಚುತ್ತದೆ. ನಮ್ಮ ರಿಯಾಯಿತಿಯ ಬಿಲ್ಲನ್ನು ತೀರಿಸುವವರು ಅವರು.

ಮಳೆಗಾಲದ ಮಾತು ಬೇರೆಯೇ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಹೇರುವುದು ವಾಡಿಕೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯೇ ಮುಚ್ಚಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಜಾರಿಯಾದಾಗ ತಲಪಾಡಿಯ ಗಡಿ ಬಂದ್ ಆಗಿ, ಎಲ್ಲದಕ್ಕೂ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನವರು ಚಿಕಿತ್ಸೆಗೂ ಪರದಾಡಬೇಕಾಯಿತು. ಆಚೆಯದನ್ನೇ ನೆಚ್ಚಿದವರಿಗೆ ದಾರಿ ಮುಚ್ಚಿದ ದಿನ ಏನು ಗತಿ ಎಂಬುದಕ್ಕೆ ಇದಕ್ಕಿಂತ ಕಠೋರ ಪಾಠ ಬೇಕಿಲ್ಲ.

ಹಾಗೆಂದು ಉಪದೇಶದಿಂದ ಗಿರಾಕಿಗಳು ಮರಳುವುದಿಲ್ಲ. ದುಬಾರಿ ಬೆಲೆಗೆ ಬೇಸತ್ತು ನೆರೆಯ ಸ್ವೀಡನ್ನಿಗೆ ಹೋಗಿ ಸಾಮಾನು ತರುವುದು ನಾರ್ವೆಯವರ ಹಳೆಯ ರೂಢಿ. ಬೈಗುಳದಿಂದ ಅದು ನಿಲ್ಲಲಿಲ್ಲ. 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಚಾಕೊಲೇಟ್ ಮತ್ತು ಸಿಹಿತಿನಿಸುಗಳ ಮೇಲಿನ ವಿಶೇಷ ತೆರಿಗೆಯನ್ನೇ ತೆಗೆದುಹಾಕಿತು. ಜನ ಏಕೆ ಆಚೆ ಹೋಗುತ್ತಾರೆಂದು ಕೇಳಿ, ಆ ಕಾರಣಕ್ಕೆ ಮದ್ದು ಹುಡುಕುವುದೇ ಜಾಣತನ.

ನಮ್ಮ ವರ್ತಕರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ಬೆಲೆಪಟ್ಟಿ ತೂಗುಹಾಕುವುದು, ಬಿಲ್ಲು ಕೊಡುವುದು, ಕೆಟ್ಟ ಸರಕನ್ನು ಗೊಣಗದೆ ಹಿಂಪಡೆಯುವುದು ದೊಡ್ಡ ಬಂಡವಾಳ ಬೇಡುವ ಕೆಲಸಗಳಲ್ಲ. ಹತ್ತು ಅಂಗಡಿಯವರು ಕೂಡಿ ಒಟ್ಟಿಗೆ ಸರಕು ತರಿಸಿದರೆ ಏಜೆಂಟರ ದರವೂ ಇಳಿಯುತ್ತದೆ. ಒಗ್ಗೂಡಿ ಅಡಿಕೆ ಮಾರಲು 1939ರಲ್ಲಿ ಶಿವಮೊಗ್ಗದ ಮ್ಯಾಮ್ಕೋಸ್, 1973ರಲ್ಲಿ ಮಂಗಳೂರಿನ ಕ್ಯಾಂಪ್ಕೋ ಕಟ್ಟಿದ ಸೀಮೆ ನಮ್ಮದು. ಮಾರಲು ಕೂಡಿದವರಿಗೆ ಕೊಳ್ಳಲು ಕೂಡುವುದು ಅಸಾಧ್ಯವೇ?

ಉಳ್ಳವರಾದ ನಾವು ಮಾಡಬಹುದಾದದ್ದೂ ಸರಳ. ಇಲ್ಲಿ ಸಿಗದ್ದನ್ನು ಧಾರಾಳವಾಗಿ ಹೊರಗಿನಿಂದ ತರೋಣ. ಅದಕ್ಕೆ ಯಾರೂ ನಾಚಬೇಕಿಲ್ಲ. ಆದರೆ ಅಕ್ಕಿ, ಬೇಳೆ, ಎಣ್ಣೆ, ಸೋಪು, ಮಕ್ಕಳ ನೋಟ್‌ಬುಕ್ಕುಗಳನ್ನು ಊರಿನಲ್ಲೇ, ನಗದು ಕೊಟ್ಟೇ ಕೊಳ್ಳೋಣ. ಇದು ವರ್ತಕರಿಗೆ ನೀಡುವ ದಾನವಲ್ಲ. ಕಾರಿಲ್ಲದ ನೆರೆಯವರ ಪಾಲಿಗೆ, ದಾರಿ ಮುಚ್ಚಿದ ದಿನ ನಮ್ಮ ಪಾಲಿಗೂ, ಒಂದು ಅಂಗಡಿಯ ಬಾಗಿಲನ್ನು ತೆರೆದಿಡಲು ನಾವು ಕೊಡುವ ವಂತಿಗೆ.