ನಿರಾಶಾವಾದಿಯ ಕರುಣೆ

ಬದುಕೇ ದುಃಖಮಯ ಎಂದು ವಾದಿಸಿದವನನ್ನು ಇಂದು ಏಕೆ ಓದಬೇಕು? ಜರ್ಮನ್ ತತ್ತ್ವಜ್ಞಾನಿ ಆರ್ಥರ್ ಶೋಪೆನ್‌ಹೌವರ್ (1788–1860) ಬಗ್ಗೆ ಈ ಪ್ರಶ್ನೆ ಸಹಜ. 1818ರ ಕೊನೆಯಲ್ಲಿ ಹೊರಬಂದ ಅವನ ಮುಖ್ಯ ಕೃತಿಯನ್ನು ಆಗ ಕೊಂಡವರೇ ವಿರಳ. ಕೀರ್ತಿ ತಂದದ್ದು 1851ರ ಪ್ರಬಂಧ ಸಂಕಲನ.

ಅವನ ವಾದದ ತಿರುಳು ಇಷ್ಟು: ನಮ್ಮನ್ನು ನಡೆಸುವುದು ವಿವೇಕವಲ್ಲ, ಕುರುಡು ಇಚ್ಛೆ. ಬಯಸಿದ್ದು ಸಿಗದಿದ್ದರೆ ನೋವು, ಸಿಕ್ಕರೆ ಬೇಸರ. ಮತ್ತೆ ಹೊಸ ಬಯಕೆ. ಹೊಸ ಫೋನು ಕೊಂಡ ವಾರದಲ್ಲೇ ಮುಂದಿನದರತ್ತ ಕಣ್ಣು ಹಾಯಿಸುವ ನಮಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ಇಲ್ಲಿಗೇ ಪುಸ್ತಕ ಮುಚ್ಚಿಟ್ಟರೆ ಅರ್ಧ ಓದಿದಂತೆ. ದಾರಾ ಶಿಕೋ 1657ರಲ್ಲಿ ಪರ್ಷಿಯನ್ ಭಾಷೆಗೆ ತಂದ ಉಪನಿಷತ್ತುಗಳನ್ನು ಅವನು ಲ್ಯಾಟಿನ್ ಅನುವಾದದ ಮೂಲಕ ಓದಿದ್ದ. ಜೀವಿಗಳೆಲ್ಲ ಮೂಲದಲ್ಲಿ ಒಂದೇ ಎಂಬ ವಿಚಾರ ಅವನಿಗೆ ಅಲ್ಲಿಯೂ ಕಂಡಿತು. ಆದ್ದರಿಂದಲೇ ಪರರ ನೋವು ನಮ್ಮದೆನಿಸುವ ಕರುಣೆಯೇ ನೀತಿಯ ಬುಡ ಎಂದ. ಪ್ರಾಣಿಗಳನ್ನೂ ಅದರಿಂದ ಹೊರಗಿಡಲಿಲ್ಲ.

ಹಾಗೆಂದು ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಹೆಂಗಸರ ಬಗ್ಗೆ ಅವನು ಬರೆದದ್ದು ಬರೀ ಪೂರ್ವಗ್ರಹ. ಅವನದೇ ಕರುಣೆಯ ಅಳತೆಗೋಲಿನ ಮುಂದೆ ಅದು ನಿಲ್ಲದು. ಆ ಅಳತೆಗೋಲಿನಿಂದ ಅವನನ್ನೂ ಅಳೆಯುತ್ತ ಓದುವುದು ಇಂದಿನ ಓದುಗರ ಕೆಲಸ. ಬದುಕೆಲ್ಲ ದುಃಖವೆಂಬುದನ್ನು ಒಪ್ಪದವರಿಗೂ, ಪಕ್ಕದವನ ದುಃಖ ನಿಜ ಎಂಬ ಅರಿವು ಬೇಕೇ ಬೇಕು.