ಉಯಿಲಿಗೆ ಹೆಬ್ಬೆಟ್ಟು ಒತ್ತುವ ಮುಂಚೆ ಪಹಣಿ ನೋಡಿ

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ಮುದ್ರಾಂಕ ಶುಲ್ಕವಿಲ್ಲ. ನೋಂದಣಿಯೂ ಕಡ್ಡಾಯವಲ್ಲ. ಮೊಮ್ಮಗಳ ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿ, ಇಬ್ಬರು ಸಾಕ್ಷಿಗಳು ರುಜು ಹಾಕಿದರೆ ಕಾನೂನು ಅದನ್ನು ಮರಣಶಾಸನವೆಂದೇ ಒಪ್ಪುತ್ತದೆ. ಕ್ರಯಪತ್ರ, ದಾನಪತ್ರ ಯಾವುದಕ್ಕೂ ಇಷ್ಟು ಸಲೀಸಿಲ್ಲ. ಹೀಗಿದ್ದೂ ಅಣ್ಣತಮ್ಮಂದಿರು ಕೋರ್ಟು ಹತ್ತುವುದಕ್ಕೆ ಉಯಿಲಿನಷ್ಟು ಒದಗಿಬರುವ ಕಾಗದ ಇನ್ನೊಂದಿಲ್ಲ.

ಕಾರಣ ಹುಡುಕುವವರು ಸಾಮಾನ್ಯವಾಗಿ ಕಾಗದವನ್ನೇ ತಿರುವಿ ನೋಡುತ್ತಾರೆ. ಬಂಡೀಪುರದ ಅರಣ್ಯ ವಲಯವೊಂದಕ್ಕೆ ಹೆಸರು ಕೊಟ್ಟಿರುವ ಎನ್. ಬೇಗೂರಿನ ಸೀಮೆಯಲ್ಲಿ, ಎಚ್.ಡಿ. ಕೋಟೆ, ಸರಗೂರು ಕಡೆಯ ಕಾಡಂಚಿನಲ್ಲಿ, ಕಾಗದಕ್ಕಿಂತ ನೆಲವನ್ನೇ ಮೊದಲು ನೋಡಬೇಕು. ಇಲ್ಲಿ ಒಂದೇ ಬದುವಿನ ಆಚೀಚೆ ಬೇರೆ ಬೇರೆ ಬಗೆಯ ಜಮೀನುಗಳಿವೆ. ತಾತನ ಕಾಲದ ಪಿತ್ರಾರ್ಜಿತ ಒಂದು, ದುಡಿದು ಕೊಂಡ ಸ್ವಯಾರ್ಜಿತ ಒಂದು, ಸಾಗುವಳಿ ಚೀಟಿಯಿಂದ ಬಂದದ್ದು, ಭೂನ್ಯಾಯ ಮಂಡಳಿಯಲ್ಲಿ ಗೇಣಿದಾರ ಗೆದ್ದುಕೊಂಡದ್ದು, ಹಾಡಿಯ ಜೇನುಕುರುಬರಿಗೆ ಅರಣ್ಯ ಹಕ್ಕಿನಡಿ ಸಿಕ್ಕದ್ದು. ಹತ್ತಿಯೋ ರಾಗಿಯೋ ಎಲ್ಲದರಲ್ಲೂ ಒಂದೇ ಥರ ಬೆಳೆಯುತ್ತದೆ. ಉಯಿಲು ಮಾತ್ರ ಎಲ್ಲದರ ಮೇಲೂ ಒಂದೇ ಥರ ನಡೆಯುವುದಿಲ್ಲ.

ಮೊದಲು ಕಾಗದದ ಮಾತು ಮುಗಿಸೋಣ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ 18 ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರು ಬೇಕಾದರೂ ಉಯಿಲು ಬರೆಯಬಹುದು. ಕಣ್ಣು ಕಾಣದವರು, ಕಿವಿ ಕೇಳದವರು, ಮಾತು ಬಾರದವರು ಕೂಡ. ತಾವು ಮಾಡುತ್ತಿರುವುದು ಏನೆಂದು ಅವರಿಗೆ ಗೊತ್ತಿದ್ದರೆ ಸಾಕು. ಕಾಯ್ದೆಯ 63ನೇ ಕಲಂ ಕೇಳುವುದು ಬರೆಸಿದವರ ರುಜು ಅಥವಾ ಗುರುತು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳನ್ನು. ಬರೆಸಿದವರು ರುಜು ಹಾಕಿದ್ದನ್ನು ಸಾಕ್ಷಿ ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನದೇ ರುಜು’ ಎಂಬ ಮಾತನ್ನು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಸಾಕ್ಷಿಯೂ ಅವರೆದುರಿಗೇ ರುಜು ಹಾಕಬೇಕು. ಸಾಕ್ಷಿಗಳಿಬ್ಬರೂ ಒಟ್ಟಿಗೇ ಇರಬೇಕೆಂದೇನಿಲ್ಲ. ಉಯಿಲಿನಲ್ಲಿ ಯಾರಿಗೆ ಏನು ಬರೆದಿದೆ ಎಂಬುದೂ ಅವರಿಗೆ ತಿಳಿದಿರಬೇಕಿಲ್ಲ.

ಅನುಭವವುಳ್ಳ ಪತ್ರ ಬರಹಗಾರರು ಕೊನೆಯ ಪುಟಕ್ಕೆ ಬಂದಾಗ ನಿಧಾನವಾಗುವುದು ಇದಕ್ಕೇ. ‘ಮೇಲ್ಕಂಡ ಉಯಿಲನ್ನು ಓದಿ ಹೇಳಲಾಗಿ, ಕೇಳಿ ತಿಳಿದು, ಸರಿಯಿದೆಯೆಂದು ಒಪ್ಪಿ, ನಮ್ಮ ಎದುರಿನಲ್ಲಿ ಎಡಗೈ ಹೆಬ್ಬೆಟ್ಟು ಒತ್ತಿದ್ದಾರೆ, ಅವರ ಎದುರಿನಲ್ಲಿ ನಾವೂ ರುಜು ಮಾಡಿದ್ದೇವೆ’ ಎಂಬ ಷರಾ ಅಲ್ಲಿ ಬರುತ್ತದೆ. ಪಕ್ಕದಲ್ಲಿ ಹೆಬ್ಬೆಟ್ಟು ಯಾರದೆಂಬ ಒಕ್ಕಣೆ, ಕೆಳಗೆ ಬರೆದವರ ಬಿಕ್ಕಲಂ. ಓದು ಬಾರದವರ ಉಯಿಲಿನಲ್ಲಿ ‘ಓದಿ ಹೇಳಲಾಗಿ’ ಎಂಬ ಆ ಎರಡು ಪದ ಬಿಟ್ಟುಹೋದರೆ, ಮುಂದೆ ಎದುರು ಪಾರ್ಟಿಯ ವಕೀಲರು ಮೊದಲು ಕೈಯಿಡುವ ಜಾಗ ಅದೇ. ಎಲ್ಲಾದರೂ ಹೊಡೆದು ತಿದ್ದಿದ್ದರೆ ಅಲ್ಲಿಯೂ ಬರೆಸಿದವರ ಮತ್ತು ಸಾಕ್ಷಿಗಳ ರುಜು ಬೇಕು. ತಿದ್ದುವುದಕ್ಕಿಂತ ಹೊಸದಾಗಿ ಬರೆಸಿಬಿಡುವುದು ವಾಸಿ. ಹಳೆಯದನ್ನು ರದ್ದು ಮಾಡಿದ್ದೇನೆಂಬ ಸಾಲೊಂದು ಅದರಲ್ಲಿದ್ದರಾಯಿತು.

ಕಾಗದ ನೆಟ್ಟಗಿದ್ದೂ ಉಯಿಲು ಬಿದ್ದುಹೋಗಬಹುದು ಎಂಬುದನ್ನು ಇಡೀ ದೇಶಕ್ಕೆ ಕಲಿಸಿದ್ದು ನಮ್ಮ ಮೈಸೂರಿನದೇ ಒಂದು ದಾವೆ. ಲಕ್ಷ್ಮಮ್ಮ ಎಂಬ ಹೆಣ್ಣುಮಗಳು 1945ರಲ್ಲಿ ಬರೆಸಿದರೆನ್ನಲಾದ ಉಯಿಲನ್ನು ಹಿಡಿದು ಎಚ್. ವೆಂಕಟಾಚಲ ಅಯ್ಯಂಗಾರ್ ನ್ಯಾಯಾಲಯಕ್ಕೆ ಹೋದರು. ಮೈಸೂರು ಹೈಕೋರ್ಟು ಆ ಉಯಿಲನ್ನು ಒಪ್ಪಲಿಲ್ಲ. 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರೂ ಅದನ್ನೇ ಎತ್ತಿಹಿಡಿದರು. ರುಜುವಿನ ಜೊತೆಗೆ ಸುತ್ತಲಿನ ಸಂದರ್ಭವನ್ನೂ ಅವರು ತೂಗಿ ನೋಡಿದ್ದರು. ಉಯಿಲು ಬರೆಸುವುದರಲ್ಲಿ ಮುಂದೆ ನಿಂತವರು ಅಯ್ಯಂಗಾರರೇ, ಅದರ ಲಾಭ ಹರಿಯುತ್ತಿದ್ದುದೂ ಅವರ ಮನೆಯತ್ತಲೇ. ಬರೆಸಿದವರು ಬಂದು ಸಾಕ್ಷಿ ಹೇಳುವಂತಿಲ್ಲ, ಆದ್ದರಿಂದ ಅನುಮಾನ ಬರುವ ಸಂಗತಿಗಳನ್ನೆಲ್ಲ ನಿವಾರಿಸುವ ಹೊಣೆ ಉಯಿಲು ಹಿಡಿದು ಬಂದವರದೇ ಎಂದು ಆ ತೀರ್ಪು ಹೇಳಿತು. ಇವತ್ತಿಗೂ ದೇಶದ ಯಾವ ಮೂಲೆಯಲ್ಲಿ ಉಯಿಲಿನ ತಕರಾರು ಬಂದರೂ ವಕೀಲರು ಮೊದಲು ಎತ್ತುವುದು ಈ ಮೈಸೂರಿನ ಹೆಸರನ್ನೇ.

ಅದನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡಿ. ಕೊನೇ ಮಗ ಅಪ್ಪನನ್ನು ತನ್ನದೇ ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾನೆ, ಬರಹಗಾರರಿಗೆ ತಾನೇ ಒಕ್ಕಣೆ ಹೇಳುತ್ತಾನೆ, ತನ್ನ ಭಾಮೈದನನ್ನು ಸಾಕ್ಷಿ ಹಾಕಿಸುತ್ತಾನೆ. ಹೆಣ್ಣುಮಕ್ಕಳ ಹೆಸರೇ ಅದರಲ್ಲಿರುವುದಿಲ್ಲ. ಅವನು ನಿಜವಾಗಿಯೂ ಅಪ್ಪನನ್ನು ನೋಡಿಕೊಂಡವನೇ ಇರಬಹುದು, ಆದರೂ ಕಾಗದಕ್ಕೆ ಅನುಮಾನ ಮೆತ್ತಿಕೊಳ್ಳುತ್ತದೆ. ಆಸ್ತಿ ಪಡೆಯುವವರು ಆ ಹೊತ್ತಿನಲ್ಲಿ ದೂರವಿರುವುದು ಒಳ್ಳೆಯದು. ಯಾರಿಗಾದರೂ ಪಾಲು ಬಿಟ್ಟಿದ್ದರೆ ಯಾಕೆ ಬಿಟ್ಟೆನೆಂದು ಅಪ್ಪ ಒಂದು ಸಾಲು ಬರೆಸಲಿ. ತೀರಾ ವಯಸ್ಸಾಗಿದ್ದರೆ ಅದೇ ದಿನದ ವೈದ್ಯರ ಸರ್ಟಿಫಿಕೇಟು ಜೊತೆಗಿರಲಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಕಾಗದ ಕಳೆದುಹೋಗುವ ಭಯವಿಲ್ಲ, ಬಲವೂ ಬರುತ್ತದೆ. ಆದರೆ ಅನುಮಾನವನ್ನು ಸೀಲು ತೊಳೆಯುವುದಿಲ್ಲ.

ಇನ್ನು ನೆಲದ ಮಾತು. ಸ್ವಯಾರ್ಜಿತವಾದರೆ ತಕರಾರಿಲ್ಲ, ಹಿಂದೂಗಳು ಯಾರಿಗೆ ಬೇಕಾದರೂ ಬರೆಯಬಹುದು. (ಮುಸ್ಲಿಂ ಕಾನೂನಿನಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿಗೆ ಬರೆಯಲು ವಾರಸುದಾರರ ಒಪ್ಪಿಗೆ ಬೇಕು.) ಪಿತ್ರಾರ್ಜಿತಕ್ಕೆ ಬಂದಾಗ ಲೆಕ್ಕ ಬೇರೆ. ಹೆಂಡತಿ ತೀರಿಕೊಂಡ ಯಜಮಾನರೊಬ್ಬರಿಗೆ ನಾಲ್ಕು ಎಕರೆ ಪಿತ್ರಾರ್ಜಿತ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಎನ್ನಿ. ಪಹಣಿಯಲ್ಲಿ ಅವರೊಬ್ಬರದೇ ಹೆಸರು. ನಾಲ್ಕೂ ಎಕರೆಯನ್ನು ಮಗನಿಗೆ ಬರೆದಿಡುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು. ತಂದೆ ಆಗ ಬದುಕಿದ್ದರೇ ಎಂಬ ಪ್ರಶ್ನೆ ಬೇಡವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಅಂದಮೇಲೆ ಯಜಮಾನರದು ನಾಲ್ಕರಲ್ಲಿ ಒಂದು ಪಾಲು, ಒಂದು ಎಕರೆ. ಉಯಿಲು ನಡೆಯುವುದು ಅಷ್ಟಕ್ಕೇ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಸರಿಯಾಗಿ ವಿಭಾಗವಾಗಿದ್ದರೆ ಮಾತು ಬೇರೆ. ಪಹಣಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಪೂರ್ತಿ ತನ್ನದೆಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಗಟ್ಟಿಯೆಂದರೆ, ಅದು ತಪ್ಪೆಂದು ಅಕ್ಕತಂಗಿಯರಿಂದ ನೋಟಿಸು ಬಂದಾಗಲೇ ಗೊತ್ತಾಗುವುದು.

ಗೇಣಿ ಜಮೀನಿನ ಕಥೆ ಇನ್ನೂ ಸಿಕ್ಕು. ಉಳುವವನೇ ಹೊಲದೊಡೆಯನಾದ ಕಾಲದಲ್ಲಿ ಫಾರಂ ನಂಬರ್ 7 ಹಾಕಿ ಕಾದು ಕೂತ ಗೇಣಿದಾರರು ಕೆಲವೊಮ್ಮೆ ಸಾಕಿದವರಿಗೋ ಸ್ನೇಹಿತರಿಗೋ ಆ ಹಕ್ಕನ್ನು ಉಯಿಲಿನಲ್ಲಿ ಬರೆದಿಟ್ಟರು. ಗೇಣಿ ಹಕ್ಕನ್ನು ಹಾಗೆ ಹೊರಗಿನವರಿಗೆ ಕೊಡಲಾಗದೆಂದು ಜಮಖಂಡಿ ಭೂನ್ಯಾಯ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತು. ಅಧಿಭೋಗದ ಹಕ್ಕು ಸಿಕ್ಕಮೇಲೆ ಪರಭಾರೆ ಮಾಡಬಾರದ 15 ವರ್ಷದೊಳಗೆ ಹೊರಗಿನವರಿಗೆ ಬರೆದ ಉಯಿಲೂ ಊರ್ಜಿತವಲ್ಲವೆಂದು 2004ರಲ್ಲಿ, ಜಯಮ್ಮ ಮತ್ತು ಮರಿಯಾಬಾಯಿ ಪ್ರಕರಣದಲ್ಲಿ, ಹೇಳಿತು.

ಪರಿಶಿಷ್ಟರಿಗೆ ಮಂಜೂರಾದ ಜಮೀನಿನಲ್ಲಿ ಇದಕ್ಕೆ ತಿರುವುಮುರುವು. ಪಿ.ಟಿ.ಸಿ.ಎಲ್. ಎಂದೇ ಎಲ್ಲರ ಬಾಯಲ್ಲಿರುವ 1978ರ ಕಾಯ್ದೆ, ಸರ್ಕಾರದ ಅನುಮತಿಯಿಲ್ಲದ ಮಾರಾಟ, ದಾನ, ಅಡಮಾನಗಳನ್ನು ತಡೆಯುತ್ತದೆ. ಮನೆಯೊಳಗಿನ ವಿಭಾಗವನ್ನೂ ಉಯಿಲನ್ನೂ ‘ವರ್ಗಾವಣೆ’ಯ ಲೆಕ್ಕದಿಂದ ಹೊರಗಿಟ್ಟಿದೆ. ಮುದುಕರು ಮಕ್ಕಳಿಗೆ ಬರೆದಿಡಲು ತೊಡಕಾಗದಿರಲೆಂದು ಬಿಟ್ಟ ಬಾಗಿಲು ಅದು. ಚಾಲಾಕಿಗಳಿಗೆ ಅದು ಕಿಂಡಿಯಾಗಿ ಕಾಣುತ್ತದೆ. ಕಬಿನಿ ಹಿನ್ನೀರಿನ ಸುತ್ತ ರೆಸಾರ್ಟುಗಳೆದ್ದು ನೆಲಕ್ಕೆ ಬೆಲೆ ಬಂದಿರುವ ಈ ಸೀಮೆಯಲ್ಲಿ, ಹಣ ಕೊಟ್ಟು ಉಯಿಲೂ ಜಿ.ಪಿ.ಎ.ಯೂ ಬರೆಸಿಕೊಂಡರೆ ಜಮೀನು ತನ್ನದಾಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ಕಾಗದಗಳಿಂದ ಒಡೆತನ ಬರುವುದಿಲ್ಲವೆಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬರೆದವರು ಬದುಕಿರುವವರೆಗೆ ಉಯಿಲಿಗೆ ಜೀವವಿಲ್ಲ, ನಾಳೆ ಬೆಳಿಗ್ಗೆ ಎದ್ದು ಅವರು ಇನ್ನೊಂದು ಬರೆಯಬಹುದು.

ಹಾಡಿಗಳ ಅರಣ್ಯ ಹಕ್ಕುಪತ್ರಕ್ಕೆ ಈ ಕಿಂಡಿಯೂ ಇಲ್ಲ. 2006ರ ಕಾಯ್ದೆಯಂತೆ ಆ ನೆಲ ತಲೆಮಾರಿಗೆ ಇಳಿಯುತ್ತದೆ, ಆದರೆ ಪರಭಾರೆಯಾಗುವುದಿಲ್ಲ. ಗಂಡಹೆಂಡಿರಿದ್ದರೆ ಹಕ್ಕುಪತ್ರ ಇಬ್ಬರ ಹೆಸರಿನಲ್ಲೂ ಇರಬೇಕು. ನೇರ ವಾರಸುದಾರರಿಲ್ಲದಿದ್ದರೆ ಹತ್ತಿರದ ಬಂಧುವಿಗೆ ಹೋಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಪರಿಶಿಷ್ಟ ಪಂಗಡಗಳಿಗೆ ತಾನಾಗಿ ಅನ್ವಯಿಸದ ಕಾರಣ, ಜೇನುಕುರುಬರಲ್ಲಿ ಯಾರಿಗೆಷ್ಟು ಎಂಬುದಕ್ಕೆ ಅವರ ಕಟ್ಟುಪಾಡನ್ನೇ ಕೇಳಬೇಕು. ಬಯಲುಸೀಮೆಯ ಉಯಿಲಿನ ನಮೂನೆಯನ್ನು ಇಲ್ಲಿಗೆ ಜೆರಾಕ್ಸ್ ಮಾಡಿ ತಂದರೆ ಕೆಲಸಕ್ಕೆ ಬಾರದು.

ಉಯಿಲಿನ ಬದಲು ಈಗಲೇ ದಾನಪತ್ರ ಮಾಡಿಕೊಡಿ ಎಂದು ಮಕ್ಕಳು ದುಂಬಾಲು ಬೀಳುವುದುಂಟು. ನನ್ನನ್ನು ಕೇಳಿದರೆ, ಇರುವವರೆಗೆ ಪಹಣಿ ತನ್ನ ಹೆಸರಿನಲ್ಲೇ ಇರಿಸಿಕೊಂಡ ಮುದುಕರೇ ಜಾಣರು. ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗುವುದಿಲ್ಲ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಹೋಗಬಹುದು, ಆ ವಯಸ್ಸಿನಲ್ಲಿ ಹುಣಸೂರಿಗೆ ಅಲೆಯುವ ಶಕ್ತಿಯಿದ್ದರೆ.

ಬರೆದವರು ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ ಮತ್ತು ಉಯಿಲಿನೊಂದಿಗೆ ಖಾತೆ ಬದಲಾವಣೆಗೆ ಅರ್ಜಿ ಹಾಕಬೇಕು. ಯಾರಾದರೂ ಆಕ್ಷೇಪಣೆ ಎತ್ತಿ, ಉಯಿಲು ಸುಳ್ಳೆಂದರೆ, ಅದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ಅಲ್ಲಿ ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಕಟಕಟೆಗೆ ಬರಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇದೇ ನಿಯಮವಿತ್ತು, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಮಿನಲ್ಲೂ ಇದೆ. 80 ದಾಟಿದ ಅಜ್ಜನ ಉಯಿಲಿಗೆ ಅವರದೇ ವಾರಿಗೆಯ ಇಬ್ಬರು ಗೆಳೆಯರನ್ನು ಸಾಕ್ಷಿ ಹಾಕಿಸುವುದು ಊರಿನ ವಾಡಿಕೆ. ಅದರ ಬದಲು ಊರಿನ ಮೇಷ್ಟ್ರನ್ನೋ, ಡೇರಿಯ ಕಾರ್ಯದರ್ಶಿಯನ್ನೋ, 40ರ ಆಸುಪಾಸಿನ, ಊರು ಬಿಟ್ಟು ಹೋಗದ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರನ್ನು ಕರೆಸಿ, ಅವರ ಪೂರ್ತಿ ವಿಳಾಸ ಬರೆಸಿ, ಕಾಗದ ಎಲ್ಲಿಟ್ಟಿದೆಯೆಂದು ಅವರಲ್ಲೊಬ್ಬರಿಗೆ ಹೇಳಿಡಿ.